ಮುಳ್ಳಿನ ಸಾಕ್ಷಿ

ಕಣ್ಣಿಗೆ ಕಾಣದುದನ್ನು ಕಾಣುವ ಗುರುತಿನಿಂದ ತಿಳಿದುಕೊಳ್ಳುವದು ಮನುಷ್ಯನ ಬಾಳಿಗೆ ಅನಿವಾರ್ಯವಾದುದು. ವೈದ್ಯನು ನಾಡಿಯನ್ನು ಹಿಡಿದು ಒಳಗಿನ ಜ್ವರವನ್ನು ಅರಿಯುವನು. ಒಕ್ಕಲಿಗನು ಎಲೆಯ ಬಣ್ಣದಿಂದ ಬೇರಿನ ಬಾಧೆಯನ್ನು ಊಹಿಸುವನು. ಮನೆಯಾಕೆಯು ಒಂದು ಅಗುಳನ್ನು ಹಿಚುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ನಿಶ್ಚಯಿಸುವಳು. ಇಂಥ ಗುರುತನ್ನು ತಾರ್ಕಿಕರು ಲಿಂಗವೆಂದೂ ಹೇತುವೆಂದೂ ಕರೆದರು. ಗುರುತು ದಿಟವಾಗಿರುವವರೆಗೆ ಅದರ ಉಪಕಾರಕ್ಕೆ ಮಿತಿಯಿಲ್ಲ. ಆದರೆ ಗುರುತೇ ಕೆಟ್ಟುಹೋದರೆ ಮಾಡಬೇಕಾದುದೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡ ಗ್ರಂಥಗಳನ್ನೇ ತೆರೆಯಬೇಕೆಂದಿಲ್ಲ. ಹಳೆಯದೊಂದು ಪಿಕಪ್ ಗಾಡಿಯ ಮೀಟರ್ ಬೋರ್ಡಿನ ಮೇಲಿನ ಎರಡು ಮುಳ್ಳುಗಳೂ ಅದನ್ನು ಚೆನ್ನಾಗಿಯೇ ಕಲಿಸಬಲ್ಲವು.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗೆ ಮೊದಲು ಎದುರಾಗುವ ದೃಷ್ಟಾಂತವೆಂದರೆ ಬೆಟ್ಟ, ಹೊಗೆ ಮತ್ತು ಬೆಂಕಿ. ಬೆಟ್ಟದ ಮೇಲೆ ಹೊಗೆ ಕಂಡಿತು, ಹೊಗೆಯಿದ್ದಲ್ಲಿ ಬೆಂಕಿಯಿರುವದು, ಆದುದರಿಂದ ಬೆಟ್ಟದ ಮೇಲೆ ಬೆಂಕಿಯಿದೆ. ಪಾಠಶಾಲೆಯ ಕಂಬಕ್ಕೆ ಒರಗಿ ಇದನ್ನು ಬಾಯಿಪಾಠ ಮಾಡಿದವರು ಅನೇಕರು. ಹೊಗೆಯಾಡುವ ಬೆಟ್ಟವನ್ನು ಕಣ್ಣಾರೆ ಕಂಡವರು ಕೆಲವರೇ. ಮುಂಡರಗಿ ತಾಲೂಕಿನ ಡೋಣಿಯವರಿಗೆ ಮಾತ್ರ ಈ ದೃಷ್ಟಾಂತವು ಮನೆಯ ಬಾಗಿಲಿನ ನೋಟವಾಗಿದೆ. ಊರಿನ ನೆತ್ತಿಯ ಮೇಲೆಯೇ ಕಪ್ಪತಗುಡ್ಡ. ಬಿಂಕದಕಟ್ಟಿಯ ಕಡೆಯಿಂದ ಹೊರಟು ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಚಾಚಿದ ಈ ಗುಡ್ಡದ ಸಾಲು ಔಷಧಿಯ ಬಳ್ಳಿಬೇರುಗಳಿಗೆ ಹೆಸರಾದುದು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದುದು. ಬೇಸಗೆಯಲ್ಲಿ ಇದರ ಒಣಹುಲ್ಲಿಗೆ ಬೆಂಕಿ ತಗಲುವದುಂಟು. ಆಗ ಕಾಣುವದು ಹೊಗೆ. ಮಳೆಗಾಲದಲ್ಲಿ ಮೋಡವು ಇಳಿದು ತಲೆಯನ್ನು ಮುಸುಕುವದುಂಟು. ಆಗ ಕಾಣುವದು ಮಂಜು. ದೂರದಿಂದ ನೋಡುವವನಿಗೆ ಎರಡೂ ಒಂದೇ ಬೂದು ಬಣ್ಣ. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದರೆ ಆ ಊಹೆಯು ನಿಲ್ಲದೆಂದು ಶಾಸ್ತ್ರವು ಎಚ್ಚರಿಸುತ್ತದೆ. ಅಂಥ ಹೇತುವಿಗೆ ಅಸಿದ್ಧವೆಂದು ಹೆಸರು.

ಈ ಡೋಣಿಯಲ್ಲಿ ಒಂದು ಒಕ್ಕಲುತನದ ಮನೆ. ಒಂದಿಷ್ಟು ಮಸಾರಿ, ಒಂದಿಷ್ಟು ಎರೆ. ಉಳ್ಳಾಗಡ್ಡಿ, ಶೇಂಗಾ, ಗೋವಿನಜೋಳ, ಮೆಣಸಿನಕಾಯಿ ಇವರ ಬೆಳೆಗಳು. ಮನೆಯಲ್ಲಿ ವೃದ್ಧೆಯಾದ ತಾಯಿ, ಅವಳ ಮಗ, ಸೊಸೆ, ಇಬ್ಬರು ಮಕ್ಕಳು. ಎತ್ತುಗಳನ್ನು ಮಾರಿದ ಬಳಿಕ ಮಗನು ಸಹಕಾರ ಸಂಘದಲ್ಲಿ ಸಾಲ ತೆಗೆದು, ಬೇರೆಯವರು ಹಲವು ವರ್ಷ ಓಡಿಸಿದ ಪಿಕಪ್ ಗಾಡಿಯೊಂದನ್ನು ಕೊಂಡನು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘವು ಹುಟ್ಟಿದ ಸೀಮೆಯಿದು; ಕಂತು ತಪ್ಪಿದರೆ ಮಾನ ಹೋಗುವದೆಂಬ ಭಾವನೆಯು ಇಲ್ಲಿಯ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಗಾಡಿಯು ಹಗಲು ಮಾಲು ಹೊತ್ತು ಗದಗಿನ ಮಾರುಕಟ್ಟೆಗೆ ಹೋಗುವದು. ರಾತ್ರಿ ಯಾರಿಗಾದರೂ ಹೊಟ್ಟೆನೋವೋ ಹೆರಿಗೆಯ ಬೇನೆಯೋ ಬಂದರೆ ದವಾಖಾನೆಗೆ ಓಡುವದು. ಆ ಎಂಜಿನ್ನು ಸುಟ್ಟುಹೋದರೆ ಒಂದು ವರ್ಷದ ಬೆಳೆಯ ಲಾಭವೆಲ್ಲ ಅದರ ದುರಸ್ತಿಗೆ ಸಾಲದು.

ಗಾಡಿಯಲ್ಲಿ ಎರಡು ಮುಳ್ಳುಗಳು ಮುಖ್ಯವಾದವು. ಒಂದು ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆಯೆಂದು ತೋರಿಸುವದು. ಇನ್ನೊಂದು ಎಂಜಿನ್ನಿನ ಕಾವು ಎಷ್ಟೆಂದು ತೋರಿಸುವದು. ಗಾಡಿಯನ್ನು ಕೊಂಡ ಕೆಲವು ತಿಂಗಳಲ್ಲಿ ಕಾವಿನ ಮುಳ್ಳು ಕತ್ತಲಾದ ಕೂಡಲೆ ಕೆಂಪು ಗೆರೆಯತ್ತ ಏರತೊಡಗಿತು. ಮೊದಲೆರಡು ಸಲ ಮಗನು ಗಾಬರಿಯಾಗಿ ಗಾಡಿ ನಿಲ್ಲಿಸಿದನು; ಎಂಜಿನ್ನು ತಣ್ಣಗಾಗುವವರೆಗೆ ಕಾಯ್ದು, ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದನು. ನೀರು ತುಂಬಿಯೇ ಇತ್ತು. ಪೇಟೆಯ ಒಂದು ಅಂಗಡಿಯಲ್ಲಿ ಕಾವಿನ ಸೆನ್ಸರನ್ನು ಬದಲಿಸಿಕೊಟ್ಟರು; ಗುಣವಾಗಲಿಲ್ಲ. ಇನ್ನು ಮೀಟರ್ ಬೋರ್ಡನ್ನೇ ಬದಲಿಸಬೇಕೆಂದರು, ಅಷ್ಟು ಹಣವಿರಲಿಲ್ಲ. ಅಂದಿನಿಂದ ಮಗನು ಮುಳ್ಳನ್ನು ನೋಡುವದನ್ನೇ ಬಿಟ್ಟನು. "ಅದು ಸುಳ್ಳ ಹೇಳತೈತಿ" ಎಂದು ನಕ್ಕು ಬೋರ್ಡಿನ ಗಾಜಿನ ಮೇಲೆ ಬೆರಳಿನಿಂದ ಕುಟ್ಟುವದು ಅವನಿಗೆ ರೂಢಿಯಾಯಿತು.

ಈ ನಡುವೆ ಅವನ ಗಾಡಿಯು ಎರಡು ಸಲ ರಾತ್ರಿಯ ಹೊತ್ತು ದಾರಿಯಲ್ಲಿ ಡೀಸೆಲ್ ತೀರಿ ನಿಂತಿತು. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯು ಪೂರ್ಣವಾಗಿ ಮುಗಿದರೆ ಕೊಳವೆಗಳಲ್ಲಿ ಗಾಳಿ ಸೇರುವದು. ಮತ್ತೆ ಎಣ್ಣೆ ಸುರಿದ ಮಾತ್ರಕ್ಕೆ ಅದು ಹೊರಡದು, ಆ ಗಾಳಿಯನ್ನು ಹೊರಹಾಕಬೇಕು. ಮುಳ್ಳು ಕಾಲುಭಾಗ ತೋರಿಸುತ್ತಿರುವಾಗ ಎಣ್ಣೆ ತೀರಿದುದು ಹೇಗೆ? ಪಂಪಿನವರು ಅಳತೆಯಲ್ಲಿ ಮೋಸ ಮಾಡಿರಬೇಕೆಂದು ಅವನು ಬಗೆದನು. ಎರಡು ಮುಳ್ಳುಗಳ ಎರಡು ದೋಷಗಳನ್ನು ಕೂಡಿಸಿ ನೋಡುವ ಬುದ್ಧಿ ಅವನಿಗೆ ಹೊಳೆಯಲಿಲ್ಲ.

ಅದು ಹೊಳೆದುದು ಮುಂಡರಗಿಯ ವೃದ್ಧ ಮಿಸ್ತ್ರಿಯೊಬ್ಬನಿಗೆ. ಆತನು ಪಾನೆಯನ್ನು ಕೈಗೆತ್ತಿಕೊಳ್ಳುವದಕ್ಕೆ ಮೊದಲು ಪ್ರಶ್ನೆ ಕೇಳುವವನು.

"ತಮ್ಮಾ, ಕಾವಿನ ಮುಳ್ಳು ಏರಿದಾಗ ಡೀಸೆಲ್ಲಿನ ಮುಳ್ಳು ಏನ ಮಾಡತೈತಿ?"

"ಅದೂ ಒಂಚೂರು ಏರತೈತಿ, ಕಾಕಾ."

"ಮತ್ತ ಅದನ್ಯಾಕ ಹೇಳಲಿಲ್ಲ?"

"ಡೀಸೆಲ್ ಹೆಚ್ಚ ತೋರಿಸಿದ್ರ ಯಾರ ಕೇಳತಾರ, ಕಾಕಾ?"

ಮಿಸ್ತ್ರಿಯು ತಲೆಯಾಡಿಸಿದನು. "ಹೆದರಸೂ ಸುಳ್ಳಿಗಷ್ಟ ಮಿಸ್ತ್ರಿ ಕಡೆ ಬರತೀರಿ. ಖುಷಿ ಕೊಡೂ ಸುಳ್ಳಿಗೆ ಸುಮ್ಮನಿರತೀರಿ" ಎಂದನು.

ಈ ಮಾತಿನಲ್ಲಿ ಅರ್ಧ ಪರೀಕ್ಷೆಯು ಮುಗಿದೇಹೋಗಿತ್ತು. ಡೀಸೆಲ್ಲಿನ ಸೆನ್ಸರು ಟ್ಯಾಂಕಿನೊಳಗೆ ತೇಲುವ ಗುಂಡಿಗೆ ಜೋಡಿಸಿದ ತೋಳು. ಕಾವಿನ ಸೆನ್ಸರು ಎಂಜಿನ್ನಿನ ನೀರಿನ ದಾರಿಯಲ್ಲಿ ಕೂಡಿಸಿದ ಮೊಳೆ. ಒಂದು ಗಾಡಿಯ ಹಿಂಭಾಗದಲ್ಲಿ, ಒಂದು ಮುಂಭಾಗದಲ್ಲಿ. ಎರಡೂ ಒಂದೇ ಗಳಿಗೆಗೆ ಕೆಟ್ಟು, ಒಂದೇ ಗಳಿಗೆಗೆ ಸರಿಯಾಗುವವೆಂದು ಕಲ್ಪಿಸುವದು ಗೌರವ. ಎರಡಕ್ಕೂ ಸಮಾನವಾದ ಒಂದೇ ಎಡೆಯಲ್ಲಿ ಕೇಡಿದೆಯೆಂದು ಕಲ್ಪಿಸುವದು ಲಾಘವ. ಶಾಸ್ತ್ರಿಗಳು ವಾಕ್ಯಾರ್ಥದಲ್ಲಿ ಬಳಸುವ ಈ ನ್ಯಾಯವನ್ನೇ ಮಿಸ್ತ್ರಿಯು ಎಣ್ಣೆಗೈಯಿಂದ ಬಳಸಿದನು.

ಆ ಸಮಾನವಾದ ಎಡೆ ಯಾವುದು? ಹಳೆಯ ವಿನ್ಯಾಸದ ಗಾಡಿಗಳಲ್ಲಿ ಮುಳ್ಳಿನ ಹಿಂದೆ ಎರಡು ಬಗೆಯ ಲೋಹಗಳನ್ನು ಬೆಸೆದ ಒಂದು ಪಟ್ಟಿಯಿರುವದು. ಅದರ ಸುತ್ತ ಸುತ್ತಿದ ತಂತಿಯಲ್ಲಿ ವಿದ್ಯುತ್ತು ಹರಿದಾಗ ಪಟ್ಟಿಯು ಕಾಯುವದು. ಒಂದು ಲೋಹ ಹೆಚ್ಚು ಹಿಗ್ಗಿ, ಇನ್ನೊಂದು ಕಡಿಮೆ ಹಿಗ್ಗಿ, ಪಟ್ಟಿಯು ಬಾಗಿ ಮುಳ್ಳನ್ನು ನೂಕುವದು. ಆದುದರಿಂದಲೇ ಇಂಥ ಮುಳ್ಳುಗಳು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವವು. ಬ್ಯಾಟರಿಯ ಒತ್ತಡವು ಎಂಜಿನ್ನು ನಿಂತಾಗ ಸುಮಾರು 12 ವೋಲ್ಟ್, ಓಡುವಾಗ ಸುಮಾರು 14 ವೋಲ್ಟ್. ಈ ಏರಿಳಿತವು ಮುಳ್ಳಿಗೆ ತಟ್ಟಬಾರದೆಂದು ಬೋರ್ಡಿನ ಹಿಂದೆ ಸ್ಟೆಬಿಲೈಜರ್ ಎಂಬ ಸಣ್ಣ ಡಬ್ಬಿಯನ್ನಿಟ್ಟು, ಎರಡೂ ಮುಳ್ಳುಗಳಿಗೆ ಸುಮಾರು 10 ವೋಲ್ಟಿನಷ್ಟು ಒತ್ತಡವನ್ನೇ ಕೊಡುವರು. ಆದರೆ ಆ 10 ವೋಲ್ಟನ್ನು ಎಲ್ಲಿಂದ ಅಳೆಯಬೇಕು? ಅರ್ಥಿಂಗಿನಿಂದ, ಎಂದರೆ ಬ್ಯಾಟರಿಯ ಋಣತುದಿಗೆ ಕೂಡಿದ ಗಾಡಿಯ ಕಬ್ಬಿಣದ ಮೈಯಿಂದ. ವಿದ್ಯುತ್ತಿಗೆ ಹೋಗಲು ತಂತಿ, ಮರಳಿ ಬರಲು ಈ ಮೈಯೇ ದಾರಿ. ಆ ಜೋಡಣೆಯಲ್ಲಿ ತುಕ್ಕು ಹಿಡಿದರೆ ಮರಳುವ ದಾರಿಯು ಇಕ್ಕಟ್ಟಾಗುವದು. ಹಗಲಿನಲ್ಲಿ ಹರಿಯುವ ವಿದ್ಯುತ್ತು ಸ್ವಲ್ಪವಾದುದರಿಂದ ದೋಷವು ಅಡಗಿರುವದು; ರಾತ್ರಿ ದೀಪಗಳನ್ನು ಹಚ್ಚಿದಾಗ ಅದೇ ಇಕ್ಕಟ್ಟಿನಲ್ಲಿ ಹೆಚ್ಚು ವಿದ್ಯುತ್ತು ನುಗ್ಗಿ, ಬೋರ್ಡಿನ ನೆಲೆಯೇ ಒಂದೆರಡು ವೋಲ್ಟು ಮೇಲೇಳುವದು. ಅಳತೆಗೋಲನ್ನು ನೆಲದ ಮೇಲಿಡದೆ ಕಟ್ಟೆಯ ಮೇಲಿಟ್ಟು ಆಳನ್ನು ಅಳೆದಂತೆ ಎರಡೂ ಮುಳ್ಳುಗಳು ಹೆಚ್ಚು ತೋರಿಸುವವು.

ಮಿಸ್ತ್ರಿಯು ಅದನ್ನು ಊಹೆಯಲ್ಲಿಯೇ ಬಿಡಲಿಲ್ಲ. ದೀಪ ಹಚ್ಚಿಸಿದನು, ಮುಳ್ಳುಗಳು ಏರಿದವು, ಆರಿಸಿದನು, ಇಳಿದವು. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು. ಮತ್ತೆ ದೀಪ ಹಚ್ಚಿ, ಮಲ್ಟಿಮೀಟರಿನ ಒಂದು ತುದಿಯನ್ನು ಬೋರ್ಡಿನ ಅರ್ಥಿಂಗಿಗೂ ಇನ್ನೊಂದನ್ನು ಬ್ಯಾಟರಿಯ ಋಣತುದಿಗೂ ಹಿಡಿದನು. ಜೋಡಣೆ ಗಟ್ಟಿಯಿದ್ದರೆ ಅಲ್ಲಿ ಒಂದು ವೋಲ್ಟಿನ ಹತ್ತನೆಯ ಒಂದು ಪಾಲಿನಷ್ಟು ಕಾಣಬೇಕು. ಇಲ್ಲಿ ಎರಡು ವೋಲ್ಟಿನ ಹತ್ತಿರ ಕಂಡಿತು. ಕೊನೆಗೆ ಬೇರೊಂದು ವಾಯರನ್ನು ಬ್ಯಾಟರಿಯಿಂದ ನೇರವಾಗಿ ಬೋರ್ಡಿಗೆ ಮುಟ್ಟಿಸಿದನು. ದೀಪ ಉರಿಯುತ್ತಿದ್ದರೂ ಎರಡೂ ಮುಳ್ಳುಗಳು ಮೆಲ್ಲಗೆ ತಮ್ಮ ಸ್ಥಾನಕ್ಕೆ ಇಳಿದವು. ಬೋರ್ಡಿನ ಕೆಳಗಿನ ಒಂದು ಸ್ಕ್ರೂ ತುಕ್ಕು ತಿಂದಿತ್ತು. ಅದನ್ನು ತೆಗೆದು, ಲೋಹವು ಹೊಳೆಯುವವರೆಗೆ ಉಜ್ಜುಕಾಗದದಿಂದ ತಿಕ್ಕಿ ಬಿಗಿದನು. ಬದಲಿಸಿದ ಸೆನ್ಸರಿನ ಹಣ ವ್ಯರ್ಥವಾಗಿತ್ತು. ಬದಲಿಸಬೇಕೆಂದಿದ್ದ ಬೋರ್ಡಿನ ಹಣ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವದು ಯುಕ್ತವಲ್ಲ. ಸೆನ್ಸರಿನ ವಾಯರನ್ನು ಬಿಚ್ಚಿ ಅರ್ಥಿಂಗಿಗೆ ಮುಟ್ಟಿಸಿ ಮುಳ್ಳು ಎತ್ತ ಹೋಗುವದೆಂದು ನೋಡುವ ಪರೀಕ್ಷೆಯು ಗ್ಯಾರೇಜುಗಳಲ್ಲಿ ಬಹು ಪ್ರಸಿದ್ಧವಾದುದು. ಕಾವಿನ ಮುಳ್ಳಿಗೆ ಅದು ಸಾಮಾನ್ಯವಾಗಿ ಸಲ್ಲುವದು. ಏಕೆಂದರೆ ಕಾವು ಹೆಚ್ಚಿದಂತೆ ಆ ಸೆನ್ಸರಿನ ತಡೆಯು ಕುಗ್ಗುವದು. ವಾಯರನ್ನು ಬಿಚ್ಚಿದರೆ ಮುಳ್ಳು ತಂಪಿನತ್ತಲೂ, ಅರ್ಥಿಂಗಿಗೆ ಮುಟ್ಟಿಸಿದರೆ ಕೆಂಪಿನತ್ತಲೂ ಹೋಗಬೇಕು. ಡೀಸೆಲ್ ಮುಳ್ಳಿನ ವಿಷಯದಲ್ಲಿ ಹಾಗಲ್ಲ. ಅಮೇರಿಕೆಯ ಜನರಲ್ ಮೋಟರ್ಸ್ ಕಂಪನಿಯ ಹಲವು ಗಾಡಿಗಳಲ್ಲಿ ಟ್ಯಾಂಕು ಬರಿದಾದಾಗ ತಡೆಯು 0 ಓಮ್, ತುಂಬಿದಾಗ 90 ಓಮ್. ಹಳೆಯ ಫೋರ್ಡ್ ಗಾಡಿಗಳಲ್ಲಿಯಾದರೋ ಬರಿದಾದಾಗ ಸುಮಾರು 73, ತುಂಬಿದಾಗ ಸುಮಾರು 10. ಒಂದೇ ಪರೀಕ್ಷೆಯು ಒಂದರಲ್ಲಿ ಮುಳ್ಳನ್ನು ಬರಿದಿನತ್ತ, ಇನ್ನೊಂದರಲ್ಲಿ ತುಂಬಿನತ್ತ ಒಯ್ಯುವದು. ಇದನ್ನರಿಯದವನು ಒಳ್ಳೆಯ ಮುಳ್ಳನ್ನೇ ಕೆಟ್ಟಿತೆಂದು ಕಿತ್ತೆಸೆಯುವನು. ಲೋಹದ ಪಟ್ಟಿಯ ಮುಳ್ಳುಗಳಲ್ಲಿ ಈ ಪರೀಕ್ಷೆಯನ್ನು ಹೆಚ್ಚು ಹೊತ್ತು ಮಾಡಿದರೆ ಒಳಗಿನ ತಂತಿಯು ಸುಡುವ ಭಯವೂ ಉಂಟು.

ಮುಳ್ಳು ಸರಿಯಾಯಿತು, ಕಥೆ ಮುಗಿಯಲಿಲ್ಲ. ಮಿಸ್ತ್ರಿಯು ರೇಡಿಯೇಟರಿನ ಬರಿಯ ನೀರನ್ನು ತೆಗೆದು ಕೂಲಂಟ್ ತುಂಬಿಸಿ, ಕೆಳಗಿನ ರಬ್ಬರ್ ಕೊಳವೆಯು ಹಳೆಯದಾಗಿದೆ, ಸುಗ್ಗಿಗೆ ಮೊದಲು ಬದಲಿಸೆಂದು ಹೇಳಿ ಕಳಿಸಿದ್ದನು. ಮಗನ ಕಿವಿಗೆ ಬಿದ್ದುದು ಒಂದೇ ಮಾತು: ಮುಳ್ಳು ಏರುತ್ತಿದ್ದುದು ಸುಳ್ಳು, ಎಂಜಿನ್ನಿಗೆ ಏನೂ ಆಗಿಲ್ಲ. ಮೊದಲು ಮುಳ್ಳನ್ನು ಕಾರಣವಿಲ್ಲದೆ ನಂಬದಿದ್ದವನು ಈಗ ಅಷ್ಟೇ ಪೂರ್ಣವಾಗಿ ಅದನ್ನು ನಂಬತೊಡಗಿದನು. ಕೊಳವೆಯ ಮಾತು ಮರೆತುಹೋಯಿತು.

ಮಾಗಿಯ ಸುಗ್ಗಿಯ ಒಂದು ಮಧ್ಯಾಹ್ನ ಉಳ್ಳಾಗಡ್ಡಿಯ ಚೀಲಗಳನ್ನು ಹೇರಿಕೊಂಡು ಅವನು ಗದಗಿಗೆ ಹೊರಟನು. ಕಣ್ಣಿನ ಪರೀಕ್ಷೆಗೆಂದು ತಾಯಿಯೂ ಪಕ್ಕದಲ್ಲಿ ಕುಳಿತಿದ್ದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ಸೆರಗನ್ನು ಮೂಗಿನಿಂದ ಸರಿಸಿ, "ಯಪ್ಪಾ, ಬೆಲ್ಲದ ಪಾಕ ಕಾಸಿದಂಗ ವಾಸನಿ ಬರತೈತಿ" ಎಂದಳು.

ಮಗನು ಬೋರ್ಡಿನತ್ತ ನೋಡಿದನು. ಕಾವಿನ ಮುಳ್ಳು ಎಂದಿನ ನಡುಗೆರೆಯಿಂದ ಕೆಳಗಿಳಿದು ತಂಪಿನ ಹತ್ತಿರ ನಿಂತಿತ್ತು. "ಏನಿಲ್ಲ ಬಿಡವ್ವ, ಗಾಡಿ ತಣ್ಣಗೈತಿ. ಮುಳ್ಳು ನೋಡು" ಎಂದನು.

"ಮುಳ್ಳಿಗೆ ಮೂಗಿಲ್ಲ, ನನಗ ಮೂಗೈತಿ. ನಿಲ್ಲಸು" ಎಂದಳು ತಾಯಿ.

ಅವಳ ದನಿಗೆ ಅಂಜಿ ಅವನು ನಿಲ್ಲಿಸಿದನು. ಬಾನೆಟ್ ಎತ್ತಿದಾಗ ಆವಿಯ ಮೋಡವು ಎದ್ದಿತು. ಕೆಳಗಿನ ಕೊಳವೆಯು ಸೀಳಿ, ಕೂಲಂಟಿನ ಬಹುಭಾಗವು ದಾರಿಯುದ್ದಕ್ಕೂ ಸುರಿದುಹೋಗಿತ್ತು. ಇನ್ನು ಕೆಲವು ನಿಮಿಷ ಓಡಿಸಿದ್ದರೆ ಗ್ಯಾಸ್ಕೆಟ್ ಸುಟ್ಟು, ಎಂಜಿನ್ನಿನ ತಲೆಯು ಬಾಗಿ, ಪಿಸ್ಟನ್ನುಗಳು ಕಚ್ಚಿಕೊಳ್ಳುವ ಸಂಭವವಿತ್ತು. ತಾಯಿಯ ಮೂಗಿಗೆ ಬಂದ ಸಿಹಿವಾಸನೆಯು ಕೂಲಂಟಿನಲ್ಲಿರುವ ಗ್ಲೈಕಾಲಿನದು. ಅದು ರುಚಿಯಲ್ಲಿಯೂ ಸಿಹಿಯಾದುದರಿಂದ ಮಕ್ಕಳಿಗೂ ನಾಯಿಗಳಿಗೂ ಅಪಾಯಕರವಾದ ವಿಷವೆಂಬುದನ್ನು ಮನೆಯವರು ತಿಳಿದಿರಬೇಕು.

ಎಂಜಿನ್ನು ಸುಡುತ್ತಿರುವಾಗ ಮುಳ್ಳು ತಂಪನ್ನು ತೋರಿಸಿದುದೇಕೆ? ಈ ಸಲ ಮುಳ್ಳೂ ಕೆಟ್ಟಿರಲಿಲ್ಲ, ಸೆನ್ಸರೂ ಕೆಟ್ಟಿರಲಿಲ್ಲ, ಅರ್ಥಿಂಗೂ ಗಟ್ಟಿಯಾಗಿಯೇ ಇತ್ತು. ಸೆನ್ಸರು ಅಳೆಯುವದು ತನ್ನನ್ನು ಮುಟ್ಟಿದ ದ್ರವದ ಕಾವನ್ನು. ದ್ರವವೇ ಬಸಿದುಹೋಗಿ ಸೆನ್ಸರಿನ ತುದಿಯು ಬಯಲಿನಲ್ಲಿ ನಿಂತರೆ, ಕಬ್ಬಿಣವು ಎಷ್ಟು ಕಾದರೂ ಅನೇಕ ವೇಳೆ ಆ ಸುದ್ದಿಯು ಅದಕ್ಕೆ ಮುಟ್ಟುವದಿಲ್ಲ. ಹೀಗೆ ನೀರಿಲ್ಲದ ಎಂಜಿನ್ನಿನಲ್ಲಿ ಮುಳ್ಳು ಏರುವದರ ಬದಲು ಇಳಿಯುವದುಂಟು. ಇದು ಹಳೆಯ ತೊಡಕು. 1910ರ ದಶಕದಲ್ಲಿ ಅಮೇರಿಕೆಯ ಬಾಯ್ಸ್ ಎಂಬವನ ಹೆಸರಿನಲ್ಲಿ ರೇಡಿಯೇಟರಿನ ಮುಚ್ಚಳದ ಮೇಲೆ ನಿಲ್ಲಿಸುವ ಉಷ್ಣಮಾಪಕವು ಬಳಕೆಗೆ ಬಂದಿತು. ಓಡಿಸುವವನು ಗಾಜಿನಾಚೆ ಅದರ ಕೆಂಪು ರೇಖೆಯನ್ನು ನೋಡುತ್ತ ಸಾಗುತ್ತಿದ್ದನು. ಅದು ಅಳೆಯುತ್ತಿದ್ದುದು ನೀರನ್ನಲ್ಲ, ನೀರಿನ ಮೇಲಿನ ಆವಿಯನ್ನು. ಯಾವ ಸಾಕ್ಷಿಯೂ ತಾನು ನಿಂತ ಎಡೆಯಿಂದ ಕಂಡಷ್ಟನ್ನೇ ಹೇಳಬಲ್ಲದು.

ಮಗನ ತಪ್ಪು ಕೇವಲ ಅಲಕ್ಷ್ಯವಲ್ಲ. ಅದು ಬಲ್ಲವರನ್ನೂ ಮೋಸಗೊಳಿಸುವ ತರ್ಕದ ತಪ್ಪು. ಹೇತುವು ಅಸಿದ್ಧವಾಯಿತೆಂದರೆ ಅದರಿಂದ ಸಾಧಿಸಬೇಕೆಂದಿದ್ದುದು ಸಾಧಿತವಾಗಲಿಲ್ಲವೆಂದಷ್ಟೇ ಅರ್ಥ. ಅದು ಇಲ್ಲವೆಂದು ಅರ್ಥವಲ್ಲ. ಇಲ್ಲವೆಂದು ಹೇಳಬೇಕಾದರೆ ಬೇರೊಂದು ಬಲವಾದ ಪ್ರಮಾಣವು ಬೇಕು. ಆಗ ಮಾತ್ರ ಅದು ಬಾಧಿತವೆನಿಸುವದು. ಕಪ್ಪತಗುಡ್ಡದ ಮೇಲೆ ಕಂಡುದು ಹೊಗೆಯಲ್ಲ, ಮಂಜು ಎಂದು ಗೊತ್ತಾದರೆ ಬೆಂಕಿಯಿದೆಯೆಂಬ ಊಹೆಯು ಬಿದ್ದುಹೋಗುವದು. ಆದರೆ ಗುಡ್ಡದ ಆಚೆಯ ಮಗ್ಗುಲಲ್ಲಿ ಬೆಂಕಿಯಿಲ್ಲವೆಂದು ಮಂಜು ಯಾರಿಗೂ ಮಾತು ಕೊಟ್ಟಿಲ್ಲ. ಸುಳ್ಳುಗಾರನು ಕಳ್ಳ ಬಂದನೆಂದು ಕೂಗಿದರೆ ಅವನ ಮಾತನ್ನು ನಂಬದಿರುವದು ಸರಿ. ಬಾಗಿಲು ತೆರೆದಿಟ್ಟು ಮಲಗುವದು ಸರಿಯಲ್ಲ. ಊರಿನ ನ್ಯಾಯದಲ್ಲಿಯೂ ಹೀಗೆಯೇ ಆಗುವದುಂಟು. ಒಬ್ಬ ಸಾಕ್ಷಿಯ ಮಾತು ಹುಸಿಯೆಂದು ತಿಳಿದ ಕೂಡಲೆ ಫಿರ್ಯಾದೆಯೇ ಹುಸಿಯೆಂದು ಜನರು ಎದ್ದು ಹೋಗುವರು. ನೊಂದವನು ಅಲ್ಲಿಯೇ ಕುಳಿತಿರುವನು.

ಆದುದರಿಂದ ಹಳೆಯ ಗಾಡಿಯಿರುವ ಮನೆಯವರು ಮುಳ್ಳನ್ನು ಪೂರ್ಣ ನಂಬಲೂ ಬೇಡ, ಪೂರ್ಣ ತಿರಸ್ಕರಿಸಲೂ ಬೇಡ. ಮುಳ್ಳು ಎಂದಿನ ಸ್ಥಾನವನ್ನು ಬಿಟ್ಟು ಏರಿದರೂ ಇಳಿದರೂ ಅದನ್ನು ಪ್ರಶ್ನೆಯೆಂದು ತಿಳಿಯಬೇಕು, ಉತ್ತರವೆಂದು ತಿಳಿಯಬಾರದು. ಮೊದಲು ಗಾಡಿಯನ್ನು ನಿಲ್ಲಿಸಿ ಎಂಜಿನ್ನನ್ನೇ ನೋಡಬೇಕು. ಮುಳ್ಳಿನ ವಿಚಾರಣೆ ಆಮೇಲೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ಬಿಚ್ಚಬಾರದು. ಮುಚ್ಚಳದ ಒತ್ತಡದಲ್ಲಿ ನೀರು 100 ಅಂಶವನ್ನು ದಾಟಿಯೂ ಕುದಿಯದೆ ಇರುವದು. ಬಿಚ್ಚಿದ ಕ್ಷಣದಲ್ಲಿ ಕುದಿದು ಮುಖಕ್ಕೆ ಚಿಮ್ಮುವದು. ಮುಂಜಾನೆ, ಎಂಜಿನ್ನು ತಣ್ಣಗಿರುವಾಗ, ಕೂಲಂಟಿನ ಮಟ್ಟವನ್ನು ಕಣ್ಣಿನಿಂದ ನೋಡುವದೇ ಪ್ರತ್ಯಕ್ಷ ಪ್ರಮಾಣವು. ಪ್ರತ್ಯಕ್ಷವು ಕೈಗೆಟಕುವಲ್ಲಿ ಅನುಮಾನದ ಮೇಲೆಯೇ ಭಾರ ಹಾಕುವದು ಜಾಣತನವಲ್ಲ.

ಡೋಣಿಯ ಆ ಗಾಡಿಯಲ್ಲಿ ಈಗ ಹೊಸ ಕೊಳವೆಯಿದೆ. ಸೀಟಿನ ಹಿಂದೆ ದಾರದಿಂದ ಕಟ್ಟಿದ ಒಂದು ನೋಟಬುಕ್ಕೂ ಇದೆ. ಎಷ್ಟು ಲೀಟರ್ ಡೀಸೆಲ್ ಹಾಕಿತು, ಎಷ್ಟು ಕಿಲೋಮೀಟರ್ ಓಡಿತು, ಕೂಲಂಟಿನ ಮಟ್ಟ ಎಷ್ಟಿತ್ತು ಎಂಬದನ್ನು ಮಗನು ಪ್ರತಿದಿನವೂ ಅದರಲ್ಲಿ ಬರೆಯುತ್ತಾನೆ. ತಾಯಿಗೆ ಅಕ್ಷರ ಬಾರದು. ಆದರೂ ಗಾಡಿ ಹೊರಡುವ ಮೊದಲು ಕಟ್ಟೆಯ ಮೇಲಿನಿಂದ ಅವಳು ಕೇಳುವದೊಂದೇ ಮಾತು: "ಮುಳ್ಳು ಇರಲಿ, ನೀ ನೋಡಿದೇನು?"